ಬ್ಲಾಗಿನ ಪೈಕಿಯವರು ಊಟಕ್ಕೆ ಬಂದರು

ಬರೆದು ದುಡಿಯಬೇಕೆಂದು ಹೊರಟವರಿಗೆ ಮೊದಲು ಬೇಕಾದದ್ದು ಲ್ಯಾಪ್‌ಟಾಪ್ ಅಲ್ಲ, ಮನೆಯಲ್ಲಿ ಒಂದು ಮೂಲೆ. ನನಗೆ ಸಿಕ್ಕ ಮೂಲೆ ನಮ್ಮ ಅತ್ತೆಯವರ ಹೊಲಿಗೆ ಮಷಿನ್ನಿನದು. ದಾಂಡೇಲಿಯ ಬಂಗೂರನಗರದ ನಮ್ಮ ಮನೆಯಲ್ಲಿ ಚೆನ್ನಾಗಿ ಬೆಳಕು ಬೀಳುವ ಕಿಟಕಿ ಒಂದೇ. ಅದರ ಮುಂದೆ ಮಷಿನ್ ಎಷ್ಟು ವರ್ಷದಿಂದ ಕೂತಿತ್ತೆಂದರೆ ನೆಲದಲ್ಲಿ ಅದರ ಕಾಲಿನ ಗುರುತು ಬಿದ್ದಿತ್ತು. ನಾನು ಇಂಟರ್ನೆಟ್ಟಿನಲ್ಲಿ ಬರೆಯುತ್ತೇನೆ, ಅದರಿಂದ ರೊಕ್ಕ ಬರುತ್ತದೆ ಎಂದಾಗ ಅತ್ತೆ ಸೂಜಿ ನಿಲ್ಲಿಸಿ ಕನ್ನಡಕ ತೆಗೆದರು.

“ಕೂತಲ್ಲೇ ಬರೀತಿ, ಕೂತಲ್ಲೇ ರೊಕ್ಕ ಬರ್ತೈತಿ?”

“ಹೌದ್ರಿ ಅತ್ತಿ.”

“ಕೊಡಾವ್ರು ಯಾರವಾ?”

“ಜಾಹೀರಾತಿನವ್ರು.”

“ಅವ್ರು ನಿನ್ನ ನೋಡ್ಯಾರೇನು?”

“ಇಲ್ರಿ.”

“ಹಂಗಾದ್ರ ಕೊಟ್ರೂ ಕೊಟ್ಟಾರು,” ಎಂದರು. ಮಿಲ್ಲಿನ ಪಾಳಿ ಮುಗಿಸಿ ಬಂದು ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ನಗು ತಡೆಯಲು ಕೆಮ್ಮಿದ್ದು ಕೇಳಿಸಿತು.

ಕೊನೆಗೆ ಒಪ್ಪಂದವಾಯಿತು. “ದೀಪಾವಳಿ ತನಕ ಕೂಡು. ಅಷ್ಟರಾಗ ಅದರಿಂದ ಒಂದು ರೂಪಾಯಿ ಮನೀಗೆ ಬಂತಂದ್ರ ಮೂಲಿ ನಿಂದು. ಬರ್ಲಿಲ್ಲಂದ್ರ ನನ್ನ ಮಷಿನ್ ನನ್ನ ಜಾಗಕ್ಕ.” ಮಷಿನ್ ಮಲಗುವ ಕೋಣೆಗೆ ಹೋಗುವ ಪ್ಯಾಸೇಜಿಗೆ ಹೋಯಿತು. ಅಂದಿನಿಂದ ಮನೆಯವರೆಲ್ಲರ ಮೊಣಕಾಲಿಗೂ ನನ್ನ ಸಾಹಿತ್ಯದ ಪೆಟ್ಟು ತಾಗತೊಡಗಿತು.

ಶುರುವಿನಲ್ಲಿ ಬೇರೆಯವರಿಗಾಗಿ ಬರೆದುಕೊಡುವ ಕೆಲಸ ಹುಡುಕಿದೆ. ಒಬ್ಬರು ಫೋನ್ ಮಾಡಿ, ಕೆಲಸ ಖಾತ್ರಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರು. ಕೆಲಸ ಕೊಡುವವರು ನಮ್ಮಿಂದಲೇ ರೊಕ್ಕ ಕೇಳಿದರೆ ಫೋನ್ ಇಟ್ಟುಬಿಡಬೇಕು. ಹೊಸಬರು ಇದೊಂದನ್ನು ನೆನಪಿಟ್ಟರೂ ಸಾಕು. ನಾನೂ ಫೋನ್ ಇಟ್ಟೆ. ಆದರೆ ಕಾನ್ವೆಂಟಿನಲ್ಲಿ ಕಲಿತವಳು, “ಥ್ಯಾಂಕ್ಯೂ ಸರ್, ಗುಡ್ ಆಫ್ಟರ್‌ನೂನ್” ಎಂದು ಹೇಳಿ ಇಟ್ಟೆ. ಅಷ್ಟು ಮರ್ಯಾದೆ ಸಿಕ್ಕಿದ್ದಕ್ಕೋ ಏನೋ, ಆತ ಮತ್ತೆ ಮತ್ತೆ ಫೋನ್ ಮಾಡಿದ.

ಇನ್ನೊಬ್ಬರು ಪ್ರೆಷರ್ ಕುಕ್ಕರಿನ ಮೇಲೆ ಒಂದು ಲೇಖನ ಕೇಳಿದರು. ‘ಒಳ್ಳೆಯ ಪ್ರೆಷರ್ ಕುಕ್ಕರ್’ ಎಂಬ ಮಾತು ಪ್ರತಿ ಪ್ಯಾರಾದಲ್ಲೂ ಬರಬೇಕು, ಹಾಗಿದ್ದರೆ ಮಾತ್ರ ಜನ ಹುಡುಕಿದಾಗ ಸಿಗುತ್ತದೆ ಎಂದರು. ಬರೆದು ಗಂಡನಿಗೆ ಓದಿ ತೋರಿಸಿದೆ. “ಛಲೋ ಐತಿ. ಆದ್ರ ಪ್ಯಾರಾಕ್ಕೊಮ್ಮೆ ಸೀಟಿ ಹೊಡದಂಗ ಆತು,” ಎಂದರು. ಲೇಖನ ಕಳಿಸಿದ ಮೇಲೆ ಕೇಳಿದವರ ಸುದ್ದಿಯೇ ಇಲ್ಲ. ಅರ್ಧ ರೊಕ್ಕ ಮುಂಗಡ ಕೇಳಬೇಕಿತ್ತು ಎಂಬ ಪಾಠ ಹಾಗೆ ಬಂತು.

ಆಮೇಲೆ ನನ್ನದೇ ಬ್ಲಾಗ್ ಶುರು ಮಾಡಿದೆ. ವಿಡಿಯೋದಲ್ಲಿ ಒಬ್ಬ ತರುಣ ಮೇಷ್ಟ್ರು ಹೊಸಬರಿಗೆ ಪಾಠ ಹೇಳುತ್ತಿದ್ದರು. ನಿಮಗೆ ಗೊತ್ತಿರುವುದನ್ನೇ ಬರೆಯಿರಿ, ಮಾತಾಡಿದ ಹಾಗೆ ಬರೆಯಿರಿ, ಸಣ್ಣ ಸಣ್ಣ ವಿವರ ಬಿಡಬೇಡಿ ಎನ್ನುತ್ತಿದ್ದರು. ನನಗೆ ಗೊತ್ತಿರುವುದು ನಮ್ಮ ಅಡುಗೆಮನೆ ಮತ್ತು ಆ ಕಿಟಕಿ. ಹಾಗಾಗಿ ಕಿಟಕಿಯಾಚೆಯ ಅತ್ತಿಮರಕ್ಕೆ ಬರುವ ಮಂಗಟ್ಟೆ ಹಕ್ಕಿಯ ಬಗ್ಗೆ ಬರೆದೆ. ಅದು ಹಣ್ಣನ್ನು ಮೇಲಕ್ಕೆ ಎಸೆದು ಬಾಯಲ್ಲಿ ಹಿಡಿಯುವುದು ನಮ್ಮ ಮಾವನವರು ಶೇಂಗಾ ತಿನ್ನುತ್ತಿದ್ದ ಹಾಗೆಯೇ ಎಂದು ಬರೆದೆ. ಅತ್ತೆಯ ಬದನೆಕಾಯಿ ಎಣಗಾಯಿ ಬಗ್ಗೆ ಬರೆದೆ. ಬಂಗೂರನಗರದ ಗ್ರೌಂಡಿನ ಹಿಂದಿನ ನಮ್ಮ ನೀಲಿ ಗೇಟಿನ ಬಗ್ಗೆಯೂ ಬರೆದೆ. ಅದು ಕೈಯಿಂದ ದೂಡಿದರೆ ತೆರೆಯುವುದಿಲ್ಲ; ಎಡಗಡೆ, ಕೆಳಗೆ, ಕಾಲಿನಿಂದ ಒದೆಯಬೇಕು.

ಮೇಷ್ಟ್ರ ಇನ್ನೊಂದು ಮಾತು: ಓದುಗರು ಮುಂದೆ ಏನು ಮಾಡಬೇಕೆಂದು ಲೇಖನದ ಕೊನೆಯಲ್ಲಿ ಹೇಳಿಬಿಡಿ. ಇದರಲ್ಲಿ ನಾನು ಸಿಕ್ಕಿಬಿದ್ದೆ. ನಮ್ಮ ಕಡೆ ಮಾತು ಮುಗಿಸುವಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಇಳಿಯುವಾಗ ಹೇಳುತ್ತೇವೆ, ಕೇಳಿದವರೂ “ಹೂಂ, ಬರೂಣಂತ” ಎಂದು ತಲೆ ಆಡಿಸುತ್ತಾರೆ. ಯಾರೂ ಬರುವುದಿಲ್ಲ. ನಾನೂ ಅದನ್ನೇ ಬರೆದೆ: “ಈ ಕಡೆ ಬಂದಾಗ ಮನೀಗೆ ಬರ್ರಿ, ಊಟ ಮಾಡ್ಕೊಂಡು ಹೋಗ್ರಿ.”

ಓದುವವರು ಹೆಚ್ಚಿದರು, ಜಾಹೀರಾತೂ ಬಂತು. ಆದರೆ ಆ ರೊಕ್ಕ ಇಂತಿಷ್ಟು ಎಂದು ಕೂಡುವ ತನಕ ಕೈಗೆ ಸಿಗುವುದಿಲ್ಲ, ಪರದೆಯ ಮೇಲೆ ಕಾಣುತ್ತದೆ ಅಷ್ಟೇ. ಅತ್ತೆಗೆ ತೋರಿಸಿದೆ. “ಷೋಕೇಸಿನ್ಯಾಗಿನ ಗೊಂಬಿ ಇದ್ದಂಗ ಐತಲ್ಲ,” ಎಂದು ಗಾಜಿನ ಮೇಲೆ ಬೆರಳಿನಿಂದ ಬಡಿದು ನೋಡಿದರು. ದೀಪಾವಳಿ ಹತ್ತಿರ ಬರುತ್ತಿತ್ತು. ಅತ್ತೆ ಮಷಿನ್ನಿಗೆ ಎಣ್ಣೆ ಬಿಡತೊಡಗಿದರು.

ಅಂಥ ಒಂದು ಭಾನುವಾರ, ಟೆರೇಸಿನಲ್ಲಿ ಅರಿವೆ ಒಣಹಾಕಿ ಕೆಳಗಿಳಿದು ಬಂದರೆ ಊಟದ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಸಾಲಾಗಿ ಕೂತು ರೊಟ್ಟಿ ಮುರಿಯುತ್ತಿದ್ದಾರೆ. ನಾಲ್ವರ ಕೂದಲೂ ಒದ್ದೆ. ಮೂಲೆಯಲ್ಲಿ ಅವರು ತಂದ ಬಾಳೆಹಣ್ಣಿನ ಚಿಪ್ಪು. ಅತ್ತೆ ಓಡಾಡಿ ಬಡಿಸುತ್ತಿದ್ದಾರೆ.

ನಾನು ಗಂಡನನ್ನು ಅಡುಗೆಮನೆಗೆ ಕರೆದು ಕೇಳಿದೆ, “ಯಾರ್ರಿ ಇವ್ರು?”

“ಅವ್ವನ ಹಳಿಯಾಳದ ಕಡೇವ್ರು. ಹೆಸರು ಕೇಳಾಕ ಹೋಗಬ್ಯಾಡ, ಮರ್ತೀರಿ ಅಂತ ಸಿಟ್ಟಾಗ್ತಾರ.”

ಅತ್ತೆ ಎಣಗಾಯಿ ತೆಗೆದುಕೊಳ್ಳಲು ಒಳಗೆ ಬಂದವರು ಮಗನನ್ನೇ ಗದರಿದರು. “ಮಿಲ್ಲಿನ ಗೆಳ್ಯಾರನ್ನ ಕರಿಯೂಮುಂದ ಒಂದು ಮಾತು ಹೇಳಬಾರ್ದಾ? ಶೇಂಗಾ ಹಿಂಡಿ ಅರ ಮಾಡ್ತಿದ್ದೆ.”

“ನನ್ನ ಗೆಳ್ಯಾರಾ? ನಿನ್ನ ಮಂದಿ ಅಲ್ಲೇನು?”

“ನನ್ನ ಮಂದಿ ಹಿಂಗ ಮಾತಾಡ್ತಾರೇನು? ಮೈಸೂರ ಮಾತದು!”

“ಮತ್ತ ಒಳಗ್ಯಾಕ ಕರದಿ?”

“ಗೇಟ್ ಒದ್ದು ಬಂದ್ರಪಾ! ಎಡಕ್ಕ, ಕೆಳಗ, ಒಂದ ಸಲಕ್ಕ ತಗದ್ರು. ಪರಮಂದಿಗೆ ಅದು ಹೆಂಗ ಗೊತ್ತಾಗ್ತೈತಿ?”

ನನ್ನ ಕೈಯಲ್ಲಿದ್ದ ಖಾಲಿ ಬುಟ್ಟಿಯನ್ನು ನಾನು ಮೆಲ್ಲಗೆ ಕೆಳಗಿಟ್ಟೆ.

ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅತ್ತೆ ಹೊರಗೆ ಹೋಗಿ, ಇನ್ನೊಂದು ರೊಟ್ಟಿ ಹಾಕುತ್ತ, ನಮ್ಮ ಕಡೆ ಯಾರನ್ನಾದರೂ ಕೇಳುವ ಪ್ರಶ್ನೆ ಕೇಳಿಯೇಬಿಟ್ಟರು. “ತಪ್ಪ ತಿಳ್ಕೊಬ್ಯಾಡ್ರಿ, ಗುರ್ತು ಹತ್ತಲಿಲ್ಲ. ನೀವು ಯಾರ ಪೈಕಿ?”

ಆ ಹೆಣ್ಣುಮಗಳು ಗಂಡನ ಮುಖ ನೋಡಿ, ಸಂಕೋಚದಿಂದ, “ನಾವು ಬ್ಲಾಗ್ ಪೈಕಿ ಅಜ್ಜಿ,” ಎಂದಳು. “ಕಾಳಿ ನದೀಲಿ ರಾಫ್ಟಿಂಗ್ ಮುಗಿಸ್ಕೊಂಡು ಬಂದ್ವಿ. ಊಟ ಮಾಡ್ಕೊಂಡು ಹೋಗಿ ಅಂತ ಮೇಡಂ ಬರೆದಿದ್ರಲ್ಲ.”

ಅತ್ತೆ ನನ್ನ ಕಡೆ ತಿರುಗಿದರು. ಕೈಯಲ್ಲಿ ರೊಟ್ಟಿ ಇದ್ದದ್ದರಿಂದ ನಾನು ಬಚಾವಾದೆ. ಆದರೆ ಅವರು ಮತ್ತೆ ಅತಿಥಿಗಳ ಕಡೆ ತಿರುಗಿ, “ಹಂಗಾದ್ರ ನಮ್ಮ ಸೊಸೀ ಪೈಕಿ ಅನ್ರಿ. ನಾಚಗೋಬ್ಯಾಡ್ರಿ, ಮಸರು ಹಾಕ್ಕೋರಿ,” ಎಂದು ಅಷ್ಟೇ ಸಲೀಸಾಗಿ ಬಡಿಸಿದರು. ಸಣ್ಣ ಹುಡುಗಿ ಮಂಗಟ್ಟೆ ಎಲ್ಲಿ ಎಂದು ಕೇಳಿದಾಗ ಅವಳನ್ನು ಎಂಜಲು ಕೈಯಲ್ಲೇ ಕಿಟಕಿಗೆ ಕರೆದೊಯ್ದು ಅತ್ತಿಮರ ತೋರಿಸಿದರು. ಹಕ್ಕಿ ಅಂದು ಬಂದಿರಲಿಲ್ಲ.

ಕೈ ತೊಳೆದ ಮೇಲೆ ಆ ಗಂಡಸರು ಪಾಕೀಟು ತೆಗೆದು ಒಂದು ನೋಟನ್ನು ನನ್ನ ಕಡೆ ಚಾಚಿದರು. “ಊಟಕ್ಕೆ ಎಷ್ಟಾಯ್ತು ಮೇಡಂ? ಇಷ್ಟು ತಗೊಳ್ಳಿ, ಪ್ಲೀಸ್.”

ನನ್ನ ಬರವಣಿಗೆಯಿಂದ ಮನೆಯೊಳಗೆ ಬಂದ ಮೊದಲ ರೊಕ್ಕ! ಹೊಸ ನೋಟು, ಒಂದು ಮೂಲೆ ಕಾಳಿ ನದಿಯ ನೀರಿನಲ್ಲಿ ನೆಂದಿತ್ತು. ನನ್ನ ಕೈ ಅರ್ಧ ಮೇಲೆದ್ದದ್ದು ನಿಜ.

“ಏ, ಒಳಗಿಡ್ರಿ ಅದನ್ನ!” ಅತ್ತೆಯ ದನಿಗೆ ಅವರು ಬೆಚ್ಚಿದರು. “ಉಂಡವ್ರ ಕಡೆ ರೊಕ್ಕ ತೊಗೊಳ್ಳಾಕ ನಾವೇನು ಖಾನಾವಳಿ ಇಟ್ಟೀವೇನು? ಮನೀಗೆ ಬಂದವ್ರು ಹಿಂಗ ಮಾಡಬಾರ್ದು.” ಹೋಗುವಾಗ ಆ ಹೆಣ್ಣುಮಗಳಿಗೆ ನನ್ನ ಕೈಯಿಂದ ಕುಂಕುಮ ಹಚ್ಚಿಸಿ, ಒಂದು ಕುಪ್ಪಸದ ಕಣ ಕೊಟ್ಟು ಕಳಿಸಿದರು. ನನ್ನ ನೋಟು ಪಾಕೀಟಿನಲ್ಲಿ ಕೂತು ನೀಲಿ ಗೇಟು ದಾಟಿತು. ಮಕ್ಕಳು ಅದನ್ನು ಸಂತೋಷದಿಂದ ಇನ್ನೊಮ್ಮೆ ಒದ್ದರು.

ಆ ದಿನ ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಎಣಗಾಯಿ ಎಷ್ಟೆಂದು ಎಣಿಸಿ ಮುಚ್ಚಿಟ್ಟರು.

ದೀಪಾವಳಿಯ ಮೊದಲು ಮನೆ ಸಾರಿಸಿ ಒರೆಸುವಾಗ ಸಾಮಾನೆಲ್ಲ ಹೊರಗೆ ಬಂತು. ಪರದೆಯ ಮೇಲಿನ ರೊಕ್ಕ ಇನ್ನೂ ಷೋಕೇಸಿನಲ್ಲೇ ಇತ್ತು. ನಾನು ಲ್ಯಾಪ್‌ಟಾಪಿನ ವೈರು ಸುತ್ತಿ, ಕಿಟಕಿಯ ಮುಂದೆ ನೆಲ ಒರೆಸಿದೆ. ಮಷಿನ್ನಿನ ಕಾಲಿನ ಹಳೆಯ ಗುರುತು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಗಂಡ ಮಷಿನ್ ಎತ್ತಿಕೊಂಡು ಬಂದು, ನನ್ನನ್ನು ನೋಡಲಾರದೆ ತಾಯಿಯನ್ನು ಕೇಳಿದರು, “ಎಲ್ಲಿ ಇಡ್ಲಿಬೇ? ಬಾಳ ವಜ್ಜ ಐತಿ.”

“ಪ್ಯಾಸೇಜಿನ್ಯಾಗ ಇಡು.”

“ಮತ್ತ ಮೂಲಿ?”

“ಅದು ಅಕೀದು.”

“ರೊಕ್ಕ ಬಂದಿಲ್ರಿ ಅತ್ತಿ,” ಎಂದೆ. ಸುಳ್ಳು ಹೇಳುವುದನ್ನು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ.

“ಬಂದಿತ್ತಲ್ಲವಾ. ನಿನ್ನ ಕೈಗೆ ಬರೂದ್ರಾಗ ನಾನ ವಾಪಸ್ ಕಳಿಸಿದೆ. ಅದಕ್ಕ ನೀ ಏನ್ ಮಾಡ್ತಿ?” ಮಷಿನ್ನಿನ ಮೇಲಿನ ಧೂಳು ಸೆರಗಿನಿಂದ ಒರೆಸುತ್ತ ಅಂದರು. “ಆದ್ರ ಆ ಕೊನೀ ಸಾಲು ತಿದ್ದು.”

“ತಗದಬಿಡ್ತೇನ್ರಿ.”

“ತಗಿಬ್ಯಾಡ! ಬರ್ರಿ ಅಂದು ಬ್ಯಾಡ ಅಂದ್ರ ಏನಂದಾರು? ಫೋನ್ ಮಾಡಿ ಬರ್ರಿ ಅಂತ ಬರಿ. ಸೋಮವಾರ ಬ್ಯಾಡ, ನಂದು ಒಪ್ಪತ್ತು. ಮತ್ತ ಆ ಗೇಟಿಂದು ಎಲ್ಲಾ ಬರದೀಯಲ್ಲ, ಮೆಲ್ಲಕ ಒದೀರಿ ಅಂತ ಸೇರ್ಸು. ಕೆಳಗಿನ ಪಟ್ಟಿ ಬಾಗೈತಿ.”

ಗಂಡ ಇನ್ನೂ ಮಷಿನ್ ಹಿಡಿದುಕೊಂಡೇ ನಿಂತಿದ್ದರು.