ಪೂಜೆಗಿಟ್ಟ ಹೆಲ್ಮೆಟ್

ಪ್ರಸನ್ನ ಅವತ್ತು ಹೆಲ್ಮೆಟ್ ಮರೆತು ಹೋದ ಎಂದು ಊರೆಲ್ಲ ಹೇಳಿತು. ಅವನ ತಾಯಿ ಪುಟ್ಟಮಾದಮ್ಮ ಅಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಸಾವಿನ ಮನೆಯಲ್ಲಿ ಹೆತ್ತವಳು ಬಾಯಿ ಬಿಡದೆ ಕೂತರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಆ ಮಾತೇ ಉಳಿದುಬಿಟ್ಟಿತು.

ಅವರ ಊರು ಮಳವಳ್ಳಿಯಿಂದ ಕಿರುಗಾವಲಿಗೆ ಹೋಗುವ ರಸ್ತೆಯ ಮೇಲೇ ಇದೆ. ಅಲ್ಲಿಂದ ಕಿರುಗಾವಲು ಆರು ಕಿಲೋಮೀಟರು. ಪುಟ್ಟಮಾದಮ್ಮನ ಗಂಡ ತೀರಿಕೊಂಡಾಗ ಪ್ರಸನ್ನ ಎಂಟನೇ ಕ್ಲಾಸಿನಲ್ಲಿದ್ದ. ಇಪ್ಪತ್ತು ಗುಂಟೆ ಗದ್ದೆ, ಒಂದು ಸೀಮೆಹಸು, ಒಬ್ಬ ಮಗ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಡೈರಿಗೆ ಹಾಲು ಹಾಕಿ ಹಾಕಿಯೇ ಅವನನ್ನು ಐಟಿಐ ಓದಿಸಿದಳು. ಅವನು ಮಂಡ್ಯದಲ್ಲಿ ಪಂಪ್‌ಸೆಟ್ಟಿನ ಮೋಟರು ಬಿಚ್ಚಿ ವೈಂಡಿಂಗ್ ಮಾಡುವ ಕೆಲಸ ಕಲಿತು ಊರಿಗೆ ಬಂದ. ಕೆಲಸ ಕಲಿಸಿದ ಯಜಮಾನರು ಹೆಲ್ಮೆಟ್ ಇಲ್ಲದೆ ಬಂದ ಹುಡುಗರನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದರಂತೆ. ಆ ಅಭ್ಯಾಸ ಇವನಿಗೆ ಅಂಟಿಕೊಂಡಿತ್ತು. ತೋಟಕ್ಕೆ ಹೋದರೂ ಹೆಲ್ಮೆಟ್, ಹಾಲು ಹಾಕಲು ಹೋದರೂ ಹೆಲ್ಮೆಟ್.

ಡೈರಿಯ ಸೆಕ್ರೆಟರಿ ಪುಟ್ಟಸ್ವಾಮಿ ದಿನಾ ರೇಗಿಸುತ್ತಿದ್ದ. "ಏನ್ಲಾ ಪ್ರಸನ್ನ, ಗದ್ದೆ ಬದಿನಾಗೂ ಪೊಲೀಸ್ನೋರು ನಿಂತವ್ರಾ?"

"ಪೊಲೀಸ್ನೋರಾದ್ರೆ ಫೈನ್ ಆಕಿ ಬುಡ್ತಾರೆ ಕಣಣ್ಣ. ಬಿದ್ರೆ ಕಲ್ಲು ಬುಟ್ಟದಾ?"

"ಮದ್ವೆ ದಿಸ್ವೂ ಅದ್ನೇ ಆಕ್ಕೊಂಡು ಕೂತ್ಕೊ. ಬಾಸಿಂಗ ಮಿಗ್ತದೆ."

ಮದುವೆ ಕಿರುಗಾವಲಿನ ವೀಣಳ ಜೊತೆ ಆಯಿತು. ಮಗಳು ಹುಟ್ಟಿದಳು, ಗಗನ ಎಂದು ಹೆಸರಿಟ್ಟರು. ನಾಲ್ಕು ಜನ ಒಂದೇ ಒಲೆಯಲ್ಲಿ ಉಂಡರು. ಹೇಳಿಕೊಳ್ಳುವಂಥ ಜಗಳ ಇರಲಿಲ್ಲ.

ಎರಡು ವರ್ಷದ ಹಿಂದಿನ ಆಯುಧಪೂಜೆ. ವೀಣ ಮಗುವನ್ನು ಕರೆದುಕೊಂಡು ಮುಂಚಿನ ದಿನವೇ ತೌರಿಗೆ ಹೋಗಿದ್ದಳು. ಬೆಳಿಗ್ಗೆ ಪ್ರಸನ್ನ ಬೈಕು ತೊಳೆದ. ಪುಟ್ಟಮಾದಮ್ಮ ದೇವರ ಕೋಣೆ ಸಾರಿಸಿ, ಮಣೆಯ ಮೇಲೆ ಕುಡುಗೋಲು, ಮಚ್ಚು, ಗುದ್ದಲಿ ಜೋಡಿಸಿದಳು. ಪಕ್ಕದಲ್ಲಿ ಮಗನ ಟೆಸ್ಟರು, ಸ್ಪ್ಯಾನರು, ಕಟಿಂಗ್ ಪ್ಲೇಯರು. ಅವನಿಗೆ ಅನ್ನ ಕೊಡುವ ಸಾಮಾನು ಯಾವುದೂ ಬಿಟ್ಟುಹೋಗಬಾರದು ಎಂದು ಹೆಲ್ಮೆಟ್ಟನ್ನೂ ತಂದು ಇಟ್ಟಳು. ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಹೆಲ್ಮೆಟ್ಟಿನ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದಳು. ಬೈಕಿಗೆ ಅಂಗಳದಲ್ಲೇ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಆಯಿತು. ಅದನ್ನು ಓಡಿಸಬಹುದು. ಒಳಗೆ ಮಣೆಯ ಮೇಲಿರುವುದನ್ನು ಮಾತ್ರ ಮರುದಿನ ಬೆಳಿಗ್ಗೆ ಮತ್ತೆ ಮಂಗಳಾರತಿ ಮಾಡಿದ ಮೇಲೇ ಎತ್ತಬೇಕು. ಆ ಮನೆಯಲ್ಲಿ ಅತ್ತೆಯ ಕಾಲದಿಂದ ನಡೆದುಬಂದದ್ದು ಹಾಗೆ.

ಸಂಜೆ ನಾಲ್ಕಕ್ಕೆ ಪ್ರಸನ್ನ ಹೆಂಡತಿ ಮಗುವನ್ನು ಕರೆತರಲು ಹೊರಟ.

"ಅವ್ವ, ಹೆಲ್ಮೆಟ್ ಎತ್ಕೊಡು."

"ಪೂಜೆಗಿಕ್ಕಿರಾದ ಎತ್ತಬಾರ್ದು ಕಣ್ಲಾ. ನಾಳೀಕೆ ಎತ್ಕೊ."

"ಅದು ಕುಡ್ಲಾ ಏನವ್ವ? ತಲೆಗಾಕಳಾದು."

"ಮಣೆ ಮ್ಯಾಲೆ ಕೂತ್ಮೇಲೆ ಎಲ್ಲಾ ಒಂದೇಯ. ಇಲ್ಲೇ ಕಿರುಗಾವಲು ತಾನೆ? ಹೋಗಿ ಬಾ, ಹಬ್ಬದ ದಿಸ ಯಾವ ಪೊಲೀಸ್ನೋನು ನಿಂತಾನು."

ಅವನು ಹೊಸಿಲ ಹತ್ತಿರ ಹೋಗಿ ಮತ್ತೆ ತಿರುಗಿದ. "ಕೊಟ್ಬುಡವ್ವ. ಬಂದ್ಮ್ಯಾಕೆ ಅಲ್ಲೇ ಇಕ್ತೀನಿ."

"ಬ್ಯಾಡ ಅಂದ್ರೆ ಬ್ಯಾಡ ಕಣ್ಲಾ."

ಅವನು ನಕ್ಕು ಹೊರಟ. ತಾಯಿಯ ಮಾತು ಮೀರಿ ಕೋಣೆಗೆ ಹೋಗಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

ಕಿರುಗಾವಲಿಗೆ ಎರಡು ಕಿಲೋಮೀಟರು ಇರುವಾಗ ನಾಯಿ ಅಡ್ಡ ಬಂತು. ಜೋರಾಗಿಯೇನೂ ಹೋಗುತ್ತಿರಲಿಲ್ಲ ಎಂದು ನೋಡಿದವರು ಹೇಳಿದರು. ಅಂಗಿ ಹರಿದಿರಲಿಲ್ಲ. ಕೈಯ ವಾಚು ನಡೆಯುತ್ತಿತ್ತು. ರಸ್ತೆ ಬದಿಯ ಕಲ್ಲಿಗೆ ತಲೆಯ ಹಿಂಭಾಗ ಬಡಿದಿತ್ತು, ಅಷ್ಟೇ. ಮೊದಲು ಮಳವಳ್ಳಿಗೆ, ಅಲ್ಲಿಂದ ಮಂಡ್ಯಕ್ಕೆ. ಮೂರು ದಿನ ಮಿಷಿನ್ನಿನಲ್ಲಿ ಉಸಿರಾಡಿದ. ಡಾಕ್ಟರು ಅತ್ತೆ ಸೊಸೆ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು, "ನೋಡಿಯಮ್ಮ, ಮೈಮೇಲೆ ಒಂದು ಗಾಯ ಇಲ್ಲ. ಹೆಲ್ಮೆಟ್ ಒಂದಿದ್ದಿದ್ರೆ ಅವತ್ತೇ ಎದ್ದು ಮನೆಗೆ ಹೋಗ್ತಿದ್ರು."

ಪುಟ್ಟಮಾದಮ್ಮನಿಗೆ ಆ ಮಾತು ಕೇಳಿಸಿತು. ಅರ್ಥವೂ ಆಯಿತು. ಆದರೆ ಅದು ಬೇರೆ ಯಾರದೋ ಮನೆಯ ವಿಷಯದಂತೆ ದೂರದಲ್ಲಿ ನಿಂತಿತು. ಡಾಕ್ಟರ ಜೇಬಿನಲ್ಲಿ ಎರಡು ಪೆನ್ನು ಇದ್ದವು, ಒಂದಕ್ಕೆ ಮುಚ್ಚಳ ಇರಲಿಲ್ಲ. ಅದು ಅವಳಿಗೆ ಇವತ್ತಿಗೂ ನೆನಪಿದೆ.

ಮಣ್ಣು ಮಾಡಿ ಬಂದ ಮೇಲೆ ವೀಣ ಅನ್ನ ಮುಟ್ಟಲಿಲ್ಲ. "ಯಾವತ್ತೂ ಬುಟ್ಟೋಗೋರಲ್ಲ. ಅವತ್ಯಾಕೆ ಬುಟ್ಟೋದ್ರು?" ಎಂದು ಗೋಡೆಗೆ ಹೇಳುತ್ತಿದ್ದಳು. ಐದನೇ ದಿನ ಪಕ್ಕದ ಮನೆಯ ಸೋಮಮ್ಮ ಅವಳ ಮುಂದೆ ತಟ್ಟೆ ಇಟ್ಟು, "ಮರ್ತು ಓದ ಕಣವ್ವ. ಒಂದಿಸ್ವೂ ಮರೀದೋನು ಅವತ್ತು ಮರ್ತ ಅಂದ್ರೆ ಮರೆಸ್ದೋನು ಯಮ್ನೇಯ. ಆಯಸ್ಸು ಮುಗ್ದಿತ್ತು. ಅದ್ಕೆ ಯಾರೇನು ಮಾಡಕಾಯ್ತದೆ?" ಎಂದಳು. ವೀಣ ಅವಳ ಮುಖ ನೋಡಿ ಒಂದು ತುತ್ತು ಬಾಯಿಗಿಟ್ಟಳು. ಪುಟ್ಟಮಾದಮ್ಮ ಒಲೆ ಮುಂದೆ ಕೂತು ಆ ತುತ್ತನ್ನು ನೋಡಿದಳು. ಅವಳು ಎದ್ದು ಹಸುವಿಗೆ ಬೂಸ ಕಲೆಸಲು ಹೋದಳು.

ಆಮೇಲಿನ ದಿನಗಳು ಒಂದರಂತೆ ಒಂದು. ಹಸು ಹಾಲು ಕೊಡುತ್ತಿತ್ತು, ಅವಳು ಡೈರಿಗೆ ಹಾಕುತ್ತಿದ್ದಳು. ಅಳು ಬರಲಿಲ್ಲ. ನೆಂಟರು ಇವಳ ಎದೆ ಕಲ್ಲು ಎಂದುಕೊಂಡರೇನೋ, ಅವಳಿಗೆ ಅದೂ ತಟ್ಟಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ವೀಣ ಮಳವಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಅಣ್ಣ ಸಂತೋಷ್ ಹಳೆಯ ಸ್ಕೂಟಿ ಕೊಡಿಸಿದ. ಬೆಳಿಗ್ಗೆ ಗಗನಳನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಲಿಗೆ ಬಿಟ್ಟು ಅಂಗಡಿಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು. ಬರೀ ತಲೆಯಲ್ಲಿ.

"ಹೆಲ್ಮೆಟ್ ಆಕ್ಕೊಂಡೋಗು ಕಣ್ ಮಗ," ಎಂದಳು ಪುಟ್ಟಮಾದಮ್ಮ.

"ಬುಡಿ ಅತ್ತೆ. ಹೋಗೋ ಟೈಮ್ ಬಂದ್ರೆ ಮರೆಸಿ ಕರ್ಕೊಂಡು ಹೋಯ್ತದೆ. ನಿಮ್ ಮಗ ದಿನಾ ಹಾಕ್ಕೊಂಡು ಏನಾಯ್ತು?"

ವೀಣ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಬೆಲೆ ಕೇಳಿದ ಗಿರಾಕಿಗೆ ಬೆಲೆ ಹೇಳಿದಂತೆ ಹೇಳಿದಳು. ಆಗ ಪುಟ್ಟಮಾದಮ್ಮನಿಗೆ ಗೊತ್ತಾಯಿತು. ತಾನು ಸುಮ್ಮನಿದ್ದು ಉಳಿಸಿದ ಮಾತು ಸೊಸೆಗೆ ಅನ್ನ ಉಣ್ಣಿಸಿದ್ದು ನಿಜ. ಈಗ ಅದೇ ಮಾತು ಅವಳನ್ನು ಬರೀ ತಲೆಯಲ್ಲಿ ರಸ್ತೆಗೆ ಕಳಿಸುತ್ತಿತ್ತು. ಇದ್ದದ್ದು ಹೇಳಿದರೆ ಸೊಸೆ ಮೊಮ್ಮಗಳು ಮನೆಯಲ್ಲಿ ಉಳಿಯುವುದಿಲ್ಲ. ಹೇಳದಿದ್ದರೆ ಒಂದು ದಿನ ಇನ್ನೊಂದು ನಾಯಿ ಅಡ್ಡ ಬರುತ್ತದೆ.

ಹೇಳದೆಯೇ ಆಗುವುದೇನೋ ಎಂದು ಮೊದಲು ನೋಡಿದಳು. ಒಂದು ಭಾನುವಾರ ಸೊಸೆಗೆ ಹರಳೆಣ್ಣೆ ಹಚ್ಚುವಾಗ, ಹುಬ್ಬಿನ ಮೇಲಿಂದ ತಲೆ ಸುತ್ತ ಒಂದು ದಾರ ಸುತ್ತಿ ಗಂಟು ಹಾಕಿಕೊಂಡಳು.

"ಏನತ್ತೆ ಅದು?"

"ಏನೂ ಇಲ್ಲ, ಕೂದ್ಲು ಕಟ್ತಿವ್ನಿ."

ಸೋಮವಾರ ಮಧ್ಯಾಹ್ನದ ಬಸ್ಸಿಗೆ ಮಳವಳ್ಳಿಗೆ ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರ ಮುಬೀನ್ ಎಂಬವನು ರಸ್ತೆ ಬದಿಯಲ್ಲಿ ಹಗ್ಗ ಕಟ್ಟಿ ಹೆಲ್ಮೆಟ್ ಮಾರುತ್ತಾನೆ.

"ಬನ್ನಿ ಅಜ್ಜಿ. ಈ ಕಡೆಯವು ಪೊಲೀಸ್ನೋರಿಗೆ, ಆ ಕಡೆಯವು ತಲೆಗೆ. ನಿಮಗೆ ಯಾವುದು ಬೇಕು?"

"ತಲೆಗೆ ಕಣಪ್ಪ."

"ನೀವೇ ಗಾಡಿ ಓಡಿಸ್ತೀರಾ?"

"ಓಡಿಸ್ತೀನಿ. ಹಿಂದ್ಗಡೆ ನಿನ್ನ ಕೂರಿಸ್ಕೊಂಡು." ಅವಳು ನಗದೆ ದಾರ ಮುಂದಿಟ್ಟಳು. "ಈ ಅಳತೆಗೆ ಕೊಡು."

ಮುಬೀನ್ ದಾರವನ್ನು ಹಿಡಿದು ನೋಡಿದ. "ಹದಿನೈದು ವರ್ಷದಿಂದ ಮಾರ್ತಿದ್ದೀನಿ, ತಲೆ ಅಳತೆ ತಂದೋರು ನೀವೇ ಮೊದಲು ಅಜ್ಜಿ. ಎಲ್ಲಾರೂ ಬಣ್ಣ ಕೇಳ್ತಾರೆ."

"ಬಣ್ಣಾನೂ ಬೇಕು. ದೂರದಿಂದ ಲಾರಿಯೋರ ಕಣ್ಗೆ ಕಾಣಂಗಿರ್ಬೇಕು."

ಅವನು ಹಳದಿಯದನ್ನು ಇಳಿಸಿ, ಒಳಗೆ ದಾರ ಸುತ್ತಿ ನೋಡಿ, ಸರಿಯಾಗಿದೆ ಎಂದು ಕೊಟ್ಟ. ಮಗುವಿನ ಅಳತೆಯದೂ ಒಂದು ಇತ್ತು. ಅದನ್ನೂ ತೆಗೆದುಕೊಂಡಳು.

ವೀಣ ಎರಡನ್ನೂ ನೋಡಿ ಬೇಡ ಎನ್ನಲಿಲ್ಲ. ಮರುದಿನ ಹಳದಿ ಹೆಲ್ಮೆಟ್ಟನ್ನು ಸ್ಕೂಟಿಯ ಕೊಕ್ಕೆಗೆ ನೇತುಹಾಕಿಕೊಂಡು ಹೋದಳು. ಸಂಜೆ ಅದರ ತುಂಬ ಟೊಮೆಟೊ ಬಂತು. ಬುಧವಾರ ಈರುಳ್ಳಿ. ಗಗನ ತನ್ನದನ್ನು ಗೊಂಬೆ ಮಲಗಿಸಲು ಇಟ್ಟುಕೊಂಡಳು.

ಇದಾಗಿ ಹದಿನೈದು ದಿನಕ್ಕೆ, ಸಂಜೆ ಪುಟ್ಟಮಾದಮ್ಮ ಡೈರಿಯಿಂದ ಬಂದಾಗ ವೀಣ ಬಚ್ಚಲಲ್ಲಿ ಮೊಣಕೈ ತೊಳೆಯುತ್ತಿದ್ದಳು. ತಿರುವಿನಲ್ಲಿ ಯಾರೋ ಸುರಿದಿದ್ದ ಎಂ ಸ್ಯಾಂಡ್ ಮರಳಿನ ಮೇಲೆ ಸ್ಕೂಟಿ ಜಾರಿತ್ತು. ಗಗನಳ ಹಣೆಯಲ್ಲಿ ಹುಣಸೆಬೀಜದಷ್ಟು ಬೋರೆ ಎದ್ದಿತ್ತು. ಪುಟ್ಟಮಾದಮ್ಮ ಮಗುವನ್ನು ಕೂರಿಸಿಕೊಂಡು ಒದ್ದೆ ಬಟ್ಟೆ ಒತ್ತಿದಳು.

"ಆಯಸ್ಸು ಗಟ್ಟಿ ಕಣತ್ತೆ ಇಬ್ರಿಗೂ," ಎಂದು ವೀಣ ಬಚ್ಚಲಿಂದಲೇ ಹೇಳಿದಳು. "ಅವ್ರಿಗೆ ಮುಗ್ದಿತ್ತು, ಮರೆಸ್ತು. ನಮ್ಗಿನ್ನೂ ಐತೆ."

"ಅವ್ನು ಮರೀನಿಲ್ಲ."

"ಏನಂದ್ರಿ?"

"ಪ್ರಸನ್ನ ಮರೀನಿಲ್ಲ ಕಣವ್ವ. ಹೆಲ್ಮೆಟ್ ಕೊಡು ಅಂತ ಎಲ್ಡು ಸತಿ ಕೇಳ್ದ. ಪೂಜೆಗಿಕ್ಕಿದ್ದೆ. ಎತ್ತಬಾರ್ದು ಅಂತ ನಾನೇ ಕೊಡ್ನಿಲ್ಲ."

ವೀಣ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಪುಟ್ಟಮಾದಮ್ಮ ಮೊದಲಿಂದ ಹೇಳಿದಳು. ಮಣೆಯ ಮೇಲೆ ಏನೇನಿತ್ತು, ಅವನು ಎಲ್ಲಿ ನಿಂತು ಕೇಳಿದ, ತಾನು ಏನು ಅಂದೆ, ಎರಡನೇ ಸಲ ಏನು ಅಂದೆ. ಒಂದು ಮಾತು ಸೇರಿಸಲಿಲ್ಲ, ಒಂದು ಬಿಡಲಿಲ್ಲ. ಹಾಲಿನ ಲೆಕ್ಕ ಹೇಳಿದಷ್ಟು ಸಪ್ಪಗಿತ್ತು ಅವಳ ದನಿ.

"ಡಾಕ್ಟ್ರು ಹೇಳುವಾಗ ನೀವೂ ಅಲ್ಲೇ ನಿಂತಿದ್ರಿ."

"ನಿಂತಿದ್ದೆ."

"ಆಮೇಲೂ ಹೇಳ್ನಿಲ್ಲ. ಎರಡು ವರ್ಷ."

"ಊಂ."

"ಈಗ್ಯಾಕೆ ಹೇಳ್ತೀರಿ? ಕೇಳ್ಕೊಂಡು ನಾನೇನು ಮಾಡ್ಲಿ?"

"ಹೆಲ್ಮೆಟ್ ಆಕ್ಕೊ. ಯಮ ಮರೆಸ್ನಿಲ್ಲ ಕಣವ್ವ. ಅದು ತಲೆ ಮ್ಯಾಲಿದ್ದಿದ್ರೆ ನಿನ್ ಗಂಡ ಬದುಕ್ತಿದ್ದ. ನೀನೂ ಯಮನ್ನ ನಂಬ್ಕೊಂಡು ಬರೀ ತಲೇಲಿ ಓಗ್ಬ್ಯಾಡ."

"ಅಜ್ಜಿ, ಅನ್ನ ಉಕ್ತಾ ಐತೆ," ಎಂದಳು ಗಗನ. ಯಾರೂ ಅಲ್ಲಾಡಲಿಲ್ಲ. ಗಂಜಿ ಸ್ಟೌವಿನ ಮೇಲೆಲ್ಲ ಹರಿದು ಉರಿ ತಾನಾಗೇ ಆರಿತು.

ಎರಡು ದಿನ ವೀಣ ಮಾತಾಡಲಿಲ್ಲ. ಅಡಿಗೆ ಮಾಡಿದಳು, ಅತ್ತೆಗೆ ತಟ್ಟೆ ಇಟ್ಟಳು. ಮೂರನೇ ದಿನ ಸಂತೋಷ್ ಗೂಡ್ಸ್ ಆಟೋ ತಂದ. ಎರಡು ಬ್ಯಾಗು, ಗಗನಳ ಪುಸ್ತಕ, ಹೊಲಿಗೆ ಮಿಷಿನ್ನು. ಗಗನ ಮಾವನ ಪಕ್ಕ ಕೂತಳು. ವೀಣ ಟೊಮೆಟೊ ಸಿಪ್ಪೆ ಅಂಟಿದ್ದ ಹಳದಿ ಹೆಲ್ಮೆಟ್ಟನ್ನು ಒಳಗೆಲ್ಲ ಒರೆಸಿ ತಲೆಗೆ ಹಾಕಿಕೊಂಡು ಸ್ಕೂಟಿ ಹತ್ತಿದಳು. ಗಾಜು ಇಳಿಸುವ ಮುಂಚೆ, "ನಾಳೆ ಹಸೂಗೆ ಇಂಜೆಕ್ಷನ್ ಹಾಕ್ಸೋ ದಿನ. ಮರೀಬ್ಯಾಡಿ," ಎಂದಳು. ಅತ್ತೆ ಎಂದು ಕರೆಯಲಿಲ್ಲ.

ಪುಟ್ಟಮಾದಮ್ಮ ಮರುದಿನ ಹಸುವಿಗೆ ಇಂಜೆಕ್ಷನ್ ಹಾಕಿಸಿದಳು.

ವೀಣ ಅಂಗಡಿ ಕೆಲಸ ಬಿಡಲಿಲ್ಲ. ಕಿರುಗಾವಲಿಂದ ಮಳವಳ್ಳಿಗೆ ಹೋಗಬೇಕಾದರೆ ಈ ಊರಿನ ಮೇಲೇ ಹೋಗಬೇಕು. ಒಂಬತ್ತೂಕಾಲಿಗೆ ಬರುತ್ತಾಳೆ. ಪುಟ್ಟಮಾದಮ್ಮ ಈಗ ಆ ಹೊತ್ತಿಗೆ ರಸ್ತೆ ಬದಿಯಲ್ಲೇ ಹುಲ್ಲು ಕೊಯ್ಯುತ್ತಾಳೆ. ಕಣ್ಣಿಗೆ ಪೊರೆ ಬಂದಿದೆ. ದೂರದಲ್ಲಿ ಹಳದಿ ಒಂದು ಕಾಣುತ್ತದೆ, ಅದರ ಮುಂದೆ ಇನ್ನೊಂದು ಚಿಕ್ಕದು. ಹತ್ತಿರ ಬಂದರೆ ಸದ್ದು ಕೇಳುತ್ತದೆ, ಆಮೇಲೆ ಸದ್ದು ಆ ಕಡೆಗೆ ಹೋಗುತ್ತದೆ.

"ಅದ್ಯಾವ ಸೀಮೆ ಸೊಸೆ ಅಕ್ಕ," ಎಂದಳು ಒಂದು ದಿನ ಜೊತೆಗಿದ್ದ ಸೋಮಮ್ಮ. "ಮನೆ ಮುಂದ್ಲೇ ಓಯ್ತಾಳೆ, ಒಂದಿಸ್ವಾದ್ರೂ ನಿಲ್ಲುಸ್ತಾಳಾ? ತಿರುಗೂ ನೋಡಾಕಿಲ್ಲ."

"ನಿಲ್ಲುಸಾದು ಬ್ಯಾಡ. ಗದ್ದದ ತಾವ ಬಕಲ್ ಆಕವ್ಳಾ ನೋಡು. ನಂಗೆ ಕಾಣಾಕಿಲ್ಲ."

ಸೋಮಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಆಕವ್ಳೆ."

"ಮೊಗ?"

"ಮೊಗೂಗೂ ಆಕವ್ಳೆ ಕಣಕ್ಕ."

"ಸರಿ," ಎಂದು ಪುಟ್ಟಮಾದಮ್ಮ ಬಗ್ಗಿ ಮುಂದಿನ ಹಿಡಿ ಹುಲ್ಲು ಕೊಯ್ದಳು.