ಶಿವಗಂಗಮ್ಮನ ಪಾಲಿನ ಮುದ್ದೆ

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನಾನು. ತಲೆ ಎಣಿಸುವುದರಲ್ಲಿ ನನ್ನನ್ನು ಯಾರಿಗೂ ಏಮಾರಿಸಲಾಗುತ್ತಿರಲಿಲ್ಲ ಎಂದು ಇವತ್ತಿಗೂ ಜಂಬ ಕೊಚ್ಚಿಕೊಳ್ಳುತ್ತೇನೆ. ಅಂಥವನು ನನ್ನ ತಂಗಿಯ ಮನೆಯಲ್ಲಿ ಒಂದು ತಲೆಯನ್ನು ಎಣಿಸದೆ ಬಿಟ್ಟಿದ್ದೆ. ಆ ತಲೆ ಅವಳದೇ.

ತಂಗಿ ಶಿವಗಂಗಮ್ಮನನ್ನು ಹಿರೀಸಾವೆಗೆ ಕೊಟ್ಟು ಮೂವತ್ತಮೂರು ವರ್ಷವಾಯಿತು. ಗಂಡ ಬಸವರಾಜು ಒಳ್ಳೆಯ ಬೇಸಾಯಗಾರ, ಕುಡಿತವಿಲ್ಲ, ಕೈ ಎತ್ತಿದವನಲ್ಲ. ತೆಂಗಿದೆ, ರಾಗಿಯಿದೆ, ಎರಡು ಸೀಮೆಹಸು ಇವೆ. ನಾನು ಚನ್ನರಾಯಪಟ್ಟಣದಿಂದ ತಿಂಗಳಿಗೆ ಎರಡು ಸಲ ಹೋಗಿ, ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಅವರ ಜಗಲಿ ಹತ್ತುತ್ತಿದ್ದೆ. ಹೇಳದೆ ಕೇಳದೆ ಹೋಗುವುದು ಅಣ್ಣನಾದವನ ಹಕ್ಕು ಎಂದುಕೊಂಡಿದ್ದೆ.

ಮದುವೆಯಾಗಿ ಹೋದ ವಾರದಲ್ಲೇ ಅತ್ತೆ ಅವಳಿಗೆ ಅಳತೆ ತೋರಿಸಿದ್ದರಂತೆ. ಒಂದು ಲೋಟ ಹಿಟ್ಟಿಗೆ ಒಂದು ಮುದ್ದೆ. ಮನೆಯಲ್ಲಿ ಅತ್ತೆ, ಮಾವ, ಗಂಡ, ಮೈದುನ, ಇವಳು. ಹಿಟ್ಟು ಮಾತ್ರ ನಾಲ್ಕು ಲೋಟ. ಅತ್ತೆ ಕೆಟ್ಟವರಲ್ಲ; ಅವರು ಸೊಸೆಯಾಗಿ ಬಂದಾಗ ಅವರಿಗೂ ಹಾಗೆಯೇ ಅಳೆದು ತೋರಿಸಿದ್ದರು. ಅಡುಗೆ ಮಾಡುವವಳು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ಮುದ್ದೆ ಕಟ್ಟಿದ ಮೇಲೆ ಪಾತ್ರೆಯಲ್ಲಿ ಉಳಿದ ತುಣುಕು, ತಳಕ್ಕೆ ಹತ್ತಿದ ಸೀಕು, ಇಷ್ಟು ಅವಳ ಊಟ. ಒಲೆಯ ಮುಂದೆ ನಿಂತೇ ಮುಗಿಸುತ್ತಿದ್ದಳು. ಅತ್ತೆ ಮಾವ ತೀರಿಕೊಂಡರು, ಮೈದುನ ಬೇರೆಯಾದ, ಮಗ ಸಿದ್ದೇಶ ಬೆಳೆದು ನಿಂತ, ಒಂದು ಲೋಟ ಕಡಿಮೆ ಅಳೆಯುವ ಆ ತಪ್ಪು ಮಾತ್ರ ಹಾಗೇ ಉಳಿಯಿತು. ರಾಗಿಗೆ ಬರವಿದ್ದ ಮನೆಯಲ್ಲ.

ಹೋದ ವರ್ಷ ಸಿದ್ದೇಶನಿಗೆ ಕಟ್ಟಾಯದ ಕಡೆಯ ಹುಡುಗಿ ರಂಜಿತಾಳನ್ನು ತಂದರು. ಬಿ.ಕಾಂ. ಓದಿದ, ಮಾತು ಕಡಿಮೆಯ ಹುಡುಗಿ. ಅತ್ತೆ ಮಾಡುವುದನ್ನು ನೋಡಿ ನೋಡಿ ಅವಳೂ ಸೀಕು ಕೆರೆಯಲು ಕಲಿತಳು. ಬಸುರಿಯಾಗಿ ಐದು ತಿಂಗಳಿಗೆ ಅತ್ತೆಯ ಜೊತೆ ತಪಾಸಣೆಗೆ ಹೋದಾಗ ನರ್ಸು ಚೀಟಿ ನೋಡಿ ಬೈದರಂತೆ. ಮೈಯಲ್ಲಿ ರಕ್ತವೇ ಇಲ್ಲ, ಹೀಗೇ ಆದರೆ ತಾಯಿಗೂ ಮಗುವಿಗೂ ಕಷ್ಟ, ಹೊಟ್ಟೆ ತುಂಬ ಉಣ್ಣಬೇಕು ಎಂದರು. ಮನೆಗೆ ಬಂದವಳೇ ಶಿವಗಂಗಮ್ಮ ಸೊಸೆಯ ಮುಂದೆ ತಟ್ಟೆ ಇಟ್ಟಳು.

"ಕೂತ್ಕಂಡು ಉಣ್ಣವ್ವ."

"ನೀವು ಕೂತ್ರೆ ಕೂತ್ಕತೀನಿ ಅತ್ತೆ," ಎಂದಳು ರಂಜಿತಾ. "ನೀವು ನಿಂತಿದ್ರೆ ನಂಗೆ ಗಂಟ್ಲಲ್ಲಿ ಇಳಿಯಾಕಿಲ್ಲ."

ಅವತ್ತಿನಿಂದ ನನ್ನ ತಂಗಿ ಒಂದು ಅಭ್ಯಾಸ ಹಿಡಿದಳು. ಹಿಟ್ಟು ಅಳೆಯುವಾಗ ಒಬ್ಬೊಬ್ಬರ ಹೆಸರು ಹೇಳಿ ಲೋಟ ಸುರಿಯುವುದು. ಮೊದಲ ಲೋಟಕ್ಕೆ ತನ್ನದೇ ಹೆಸರು. ಆಮೇಲೆ ಎಲ್ಲರ ಜೊತೆ ನೆಲಕ್ಕೆ ಕೂತು ಉಣ್ಣುವುದು. ಕೇಳುವುದಕ್ಕೆ ಇಷ್ಟೇ. ಮಾಡುವಾಗ ಅವಳ ಜೀವ ಬಾಯಿಗೆ ಬಂದಿತ್ತು. ಮೊದಲ ವಾರವೆಲ್ಲ ಕದ್ದು ತಿಂದ ಹಾಗೆ ಅನ್ನಿಸುತ್ತಿತ್ತಂತೆ. ಬಸವರಾಜು "ಸಾರು" ಎಂದರೆ ಇವಳು ಏಳುವಳು, ಇವಳು ಎದ್ದರೆ ಸೊಸೆಯೂ ಏಳುವಳು. ಸಾರಿನ ಪಾತ್ರೆಯನ್ನು ಪಕ್ಕದಲ್ಲೇ ಇಟ್ಟುಕೊಂಡ ಮೇಲೆ ಅದು ತಪ್ಪಿತು. "ಏನಿದು ಒಸ ಪದ್ಧತಿ" ಎಂದು ಬಸವರಾಜು ಗೊಣಗಿದ. ಇವಳು ಮಾರನೆಯ ದಿನವೂ ಕೂತಳು, ಅದರ ಮಾರನೆಯ ದಿನವೂ ಕೂತಳು. ಎರಡು ತಿಂಗಳಾಗುವ ಹೊತ್ತಿಗೆ ಅವನು ತನ್ನ ಸಾರನ್ನು ತಾನೇ ಬಡಿಸಿಕೊಳ್ಳತೊಡಗಿದ್ದ. ರಂಜಿತಾಳ ರಕ್ತ ಸ್ವಲ್ಪ ಏರಿತ್ತು, ಇನ್ನೂ ಏರಬೇಕು ಎಂದು ನರ್ಸು ಹೇಳಿದ್ದರು.

ಇದೊಂದೂ ನನಗೆ ಗೊತ್ತಿರಲಿಲ್ಲ. ಮಂಡಿ ನೋವೆಂದು ಮೂರು ತಿಂಗಳು ಆ ಕಡೆ ಹೋಗಿರಲಿಲ್ಲ. ಹೋದ ದಿನ ನಾಲ್ವರೂ ತಟ್ಟೆಯ ಮುಂದೆ ಕೂತಿದ್ದರು. ನಾನು ಕೈಕಾಲು ತೊಳೆದು ಬಂದು, "ಗಂಗೂ, ನಂಗೂ ತಟ್ಟೆ ಆಕವ್ವ" ಎಂದೆ.

ಬಸವರಾಜುವಿನ ಕಣ್ಣು ನೇರ ಅವಳ ತಟ್ಟೆಗೆ ಹೋಯಿತು. "ನಿಂದ್ನ ಬಾವುಂಗೆ ಇಕ್ಕು. ನೀನು ಆಮ್ಯಾಕೆ ಉಣ್ಣೀವಂತೆ."

ಅವಳ ಕೈ ತಟ್ಟೆಯ ಅಂಚು ಹಿಡಿದೇಬಿಟ್ಟಿತು. ಅಷ್ಟರಲ್ಲಿ ರಂಜಿತಾ ತನ್ನ ತಟ್ಟೆಯನ್ನು ಅತ್ತೆಯ ಕಡೆ ಸರಿಸಿ, ನೆಲಕ್ಕೆ ಕೈಯೂರಿ ಏಳತೊಡಗಿದಳು. ಏಳು ತಿಂಗಳ ಬಸುರಿ. ಶಿವಗಂಗಮ್ಮ ಅವಳ ಭುಜ ಹಿಡಿದು ಕೂರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದು ನನ್ ಮುದ್ದೆ ಅಣ್ಣ. ನಾವು ಉಂಡ್ಮ್ಯಾಲೆ ನಿಂಗೆ ಎಸ್ರು ಇಡ್ತೀನಿ. ವಸಿ ಒತ್ತು ಕೂತಿರು."

ನನಗೆ ಮೈ ಉರಿಯಿತು. ಮನೆಗೆ ಬಂದ ಅಣ್ಣನನ್ನು ಬರಿಹೊಟ್ಟೆಯಲ್ಲಿ ಕೂರಿಸಿ ಉಣ್ಣುವುದೇ? ಎದ್ದು ಬಸ್ಸು ಹತ್ತಿಬಿಡೋಣ ಎನ್ನಿಸಿತು. ಮಂಡಿ ನೋವು ಒಳ್ಳೆಯದನ್ನೇ ಮಾಡಿತು, ಗೋಡೆಗೊರಗಿ ಕೂತೆ. ಅವಳು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಆತುರವಿಲ್ಲದೆ ನುಂಗುತ್ತಿದ್ದಳು. ರಂಜಿತಾ ಒಂದೊಂದು ತುತ್ತಿಗೂ ಅತ್ತೆಯನ್ನು ನೋಡಿ ತಾನೂ ನುಂಗುತ್ತಿದ್ದಳು. ಬಸವರಾಜು ತಲೆಯೆತ್ತಲಿಲ್ಲ. ಸೊಸೆಯ ತಟ್ಟೆ ಬರಿದಾದ ಮೇಲೆಯೇ ನನ್ನ ತಂಗಿ ಕೈ ತೊಳೆದದ್ದು.

ಒಲೆಯ ಮೇಲೆ ನೀರಿಟ್ಟು, ಇಷ್ಟನ್ನೂ ಅವಳೇ ಹೇಳಿದಳು. ಹೊರಗಿನವರ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ನಾನು ಕೇಳಿದೆ: "ಅಂಗಾರೆ, ನಾನು ಬಂದಾಗ ನಂಗೆ ಮುದ್ದೆ ಇಕ್ತಿದ್ದೆಯಲ್ಲ, ಅದೆಲ್ಲಿಂದ ಬತ್ತಿತ್ತು?"

"ಉಳಿದಿದ್ ತುಣುಕ್ಗೆ ಎಲ್ರು ಮುದ್ದೇಲೂ ವಸಿ ವಸಿ ಚಿವುಟಿ ಸೇರುಸ್ತಿದ್ದೆ."

"ನಿಂಗೆ?"

"ಸೀಕಿರ್ತಿತ್ತಲ್ಲ."

ನಾಚಿಕೆಯಿಂದ ನನ್ನ ಕಣ್ಣು ತುಂಬಿತು. ಅವಳು ನೋಡಿ, "ಯಾಕಣ್ಣ, ಕಾಯಿಸ್ದೆ ಅಂತ ಬೇಜಾರಾ?" ಎಂದಳು.

ನಿಜ ಹೇಳುವ ಧೈರ್ಯ ಬರಲಿಲ್ಲ. "ಇಲ್ಲ ಕಣವ್ವ, ಒಟ್ಟೆ ಅಸಿದೈತೆ," ಎಂದೆ.

"ಅಸಿವು ಅಂದ್ರೆ ಇಂಗೇ ಇರ್ತದೆ ಕಣಣ್ಣ," ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಎಸರು ಇನ್ನೂ ಕುದಿ ಬಂದಿರಲಿಲ್ಲ.