ತಂಗಿಯ ಅಂಗೈ, ನನ್ನ ಉಪ್ಪುಕಾಗದ

ನನ್ನ ತಂಗಿಗೆ ಅಂಗೈ ಇದೆಯಂತೆ. ಕಂಡವರೆಲ್ಲ ಹೇಳ್ತಾರೆ. ಹಾಗಾದರೆ ನನಗೇನು ಗೊರಸಿದೆಯಾ?

ಇದು ಇವತ್ತು ನಿನ್ನೆಯ ಉರಿಯಲ್ಲ. ನಮ್ಮಪ್ಪ ರೈಫಲ್ ಕ್ಲಬ್ಬಿನಲ್ಲಿ ಬಂದೂಕು ನೋಡಿಕೊಳ್ಳುವ ಕೆಲಸದಲ್ಲಿದ್ದವನು, ಅಲ್ಲಿನವರಿಗೆಲ್ಲ 'ಮೇಷ್ಟ್ರು'. ನಿವೃತ್ತಿಯಾದ ಮೇಲೂ ಕ್ಲಬ್ಬಿನವರು ಹಳೆ ರೈಫಲ್ಲುಗಳ ಮರ ಬಿಚ್ಚಿ ನಮ್ಮನೆಗೆ ಕಳಿಸ್ತಾರೆ. ಕಬ್ಬಿಣದ್ದೆಲ್ಲ ಕ್ಲಬ್ಬಿನ ಬೀರುವಿನಲ್ಲೇ ಬೀಗ ಹಾಕಿಕೊಂಡಿರುತ್ತೆ. ಹೆಗಲಿಗೆ ಆನಿಸಿ ಕೆನ್ನೆ ಒರಗಿಸುವ ಭಾಗ ಮಾತ್ರ ಹಳೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬರುತ್ತೆ. ಅವರು ಅದಕ್ಕೆ ಸ್ಟಾಕ್ ಅಂತಾರೆ, ನಮ್ಮನೆಯಲ್ಲಿ ಬರೀ 'ಮರ'. ಅಡುಗೆಮನೆ ಹಿಂದಿನ ಕೋಣೆಯಲ್ಲಿ ಅಪ್ಪನ ಬೆಂಚಿದೆ. ಮರವನ್ನ ಅದರ ಮೇಲೆ ಮಲಗಿಸಿ, ಬಾಣಂತಿ ಕೋಣೆಯ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಕೆಲಸ ಶುರು.

ಯಾರ ಕೆಲಸ? ನನ್ನದು! ಹೊಲಿಗೆ ಅಂಗಡಿಯಲ್ಲಿ ಹಗಲೆಲ್ಲ ಕಾಜಾ ಹಾಕಿ ಬೆನ್ನು ಬಗ್ಗಿಸಿಕೊಂಡು ಮನೆಗೆ ಬಂದರೆ, ಇಲ್ಲಿ ಮರ ಕಾದಿರುತ್ತೆ. ಹಳೆ ವಾರ್ನಿಷ್ಷನ್ನ ಗಾಜಿನ ಚೂರಿನಿಂದ ಕೆರೆಯೋಳು ನಾನು. ಬಿದ್ದು ಗುಳಿ ಆದ ಕಡೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟು, ಹಬೆಗೆ ಮರ ಉಬ್ಬಿ ಮೇಲೆ ಬರೋ ತನಕ ಮುಖ ಬೇಯಿಸಿಕೊಳ್ಳೋಳು ನಾನು. ಆಮೇಲೆ ಉಪ್ಪುಕಾಗದ ಹಿಡಿದು ಉಜ್ಜಬೇಕು. ಮೊದಲು ಒರಟು ಕಾಗದ, ಆಮೇಲೆ ನಯದ್ದು. ನೀರು ಸವರಿದರೆ ಮರದ ನಾರು ರೋಮದ ಹಾಗೆ ಎದ್ದು ನಿಲ್ಲುತ್ತೆ. ಒಣಗಿಸಿ, ಅದನ್ನ ಇನ್ನೊಂದು ಸಲ ಉಜ್ಜಬೇಕು. ಮೂಗಲ್ಲಿ ಪುಡಿ, ರೆಪ್ಪೆಯಲ್ಲಿ ಪುಡಿ, ಸಾರಿನಲ್ಲೂ ಪುಡಿ. ಬೆರಳ ತುದಿ ಸವೆದು ಸವೆದು, ಸೊಸೈಟಿಯಲ್ಲಿ ಬೆರಳಚ್ಚು ಒತ್ತಿದರೆ ಯಂತ್ರ ನನ್ನನ್ನ ಗುರುತೇ ಹಿಡಿಯಲ್ಲ.

ಇಷ್ಟೆಲ್ಲ ಆದ ಮೇಲೆ ಅಪ್ಪ ಫೋನ್ ಎತ್ತುತ್ತಾನೆ. ದನಿಯಲ್ಲಿ ಬೆಲ್ಲ. "ಪುಟ್ಟೀ, ಮರ ತಯಾರಾಯ್ತು. ಬರ್ತೀಯೇನಮ್ಮಾ?"

ಪುಟ್ಟಿ ಅಂದರೆ ನನ್ನ ತಂಗಿ. ಪಕ್ಕದ ಬೀದಿಯಲ್ಲೇ ಮನೆ, ಗಂಡನದು ಫೋಟೋ ಸ್ಟುಡಿಯೋ. ಮದುವೆ ಊಟಕ್ಕೆ ಬಂದವಳ ಹಾಗೆ ಇಸ್ತ್ರಿ ಸೀರೆ ಉಟ್ಟು ಬರ್ತಾಳೆ. ಉಂಗುರ ತೆಗೆದು ನನ್ನ ಕೈಗೆ ಕೊಡ್ತಾಳೆ, ಇಟ್ಕೊಳೋಕೆ ನಾನೇ ಸಿಕ್ಕಿದ್ದು ನೋಡಿ. ಅಂಗೈಗೆ ನಾಲ್ಕು ಹನಿ ಅಗಸೆ ಎಣ್ಣೆ ಬಿಟ್ಟುಕೊಂಡು, ಕೈ ಬಿಸಿಯಾಗೋ ತನಕ ಮರಕ್ಕೆ ತಿಕ್ಕುತ್ತಾಳೆ. ಮಂಕಾಗಿದ್ದ ಮರದೊಳಗಿನ ಗೆರೆಗಳೆಲ್ಲ ಎದ್ದು ಬರುತ್ತವೆ. ಆಗ ಅಪ್ಪ, ಪಕ್ಕದ ಮನೆಯವರು, ಕ್ಲಬ್ಬಿನ ಡ್ರೈವರು, ಎಲ್ಲರ ಬಾಯಲ್ಲೂ ಒಂದೇ ಹಾಡು: ಆಹಾ, ಏನು ಹೊಳಪು, ಏನು ಕೈ!

ನಾನು ಒಳಗೆ ಪಾತ್ರೆ ಬಡಿಯುತ್ತಿರುತ್ತೇನೆ. ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಬಿಸಾಡಬಾರದು, ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತೆ ಅಂತ ಅಪ್ಪ ಯಾವಾಗಲೂ ಎಚ್ಚರಿಸ್ತಾನೆ. ಆ ಬಟ್ಟೆಯನ್ನ ಬಿಡಿಸಿ ತಂತಿಗೆ ಹರವೋಳೂ ನಾನೇ. ನನ್ನನ್ನ ಬಿಡಿಸಿ ಹರವೋರು ಯಾರೂ ಇಲ್ಲ.

ಈಗ ಅಪ್ಪನ ಕಣ್ಣಿಗೆ ಮಬ್ಬು ಬಂದಿದೆ, ಕೈ ನಡುಗುತ್ತೆ. ಹೋದ ತಿಂಗಳು ಕ್ಲಬ್ಬಿನ ಕಾರ್ಯದರ್ಶಿ ತಾವೇ ಬಂದರು. ಕ್ಲಬ್ಬು ಕಟ್ಟಿದವರ ರೈಫಲ್ಲಿನ ಅಕ್ರೋಟ್ ಮರ ಕೈಯಲ್ಲಿತ್ತು.

"ಮೇಷ್ಟ್ರೇ, ಇದು ನಿಮ್ಮ ಕೊನೇ ಕೆಲಸ ಅನ್ಕೊಳ್ಳಿ. ಮುಂದಕ್ಕೆ ಮರ ಯಾರ ಹೆಸರಿಗೆ ಕಳಿಸ್ಲಿ? ಒಂದೇ ಹೆಸರು ಹೇಳಿ. ಇಬ್ರ ಹತ್ರ ಮಾತಾಡ್ತಾ ಕೂರೋಕಾಗಲ್ಲ ನಂಗೆ."

"ಇದು ಮುಗೀಲಿ, ಹೇಳ್ತೀನಿ" ಅಂದ ಅಪ್ಪ.

ಇಷ್ಟು ವರ್ಷ ಪುಡಿ ತಿಂದಿದ್ದೇನೆ, ಆ ಹೆಸರು ನನ್ನದಾಗಬೇಕು. ಬೆಂಚು ನನ್ನದಾಗಬೇಕು. ಆದರೆ ಅಪ್ಪನ ಬಾಯಲ್ಲಿ ಪುಟ್ಟಿ ಅಂತಲೇ ಬರುತ್ತೆ, ನನಗೆ ಗೊತ್ತಿಲ್ವಾ? ಸಿಟ್ಟನ್ನೆಲ್ಲ ಮರದ ಮೇಲೆ ಹಾಕಿ ಉಜ್ಜಿದೆ. ನಿಜ ಹೇಳ್ತೀನಿ, ಅಷ್ಟು ಚೆನ್ನಾಗಿ ನಾನು ಯಾವತ್ತೂ ಉಜ್ಜಿರಲಿಲ್ಲ.

ಕಬ್ಬಿಣ ಬಂದು ಕೂರುವ ಅಂಚು ಅಂತ ಒಂದಿದೆ. ಅಲ್ಲಿ ಮರ, ಕಬ್ಬಿಣ ಎರಡೂ ಒಂದೇ ಮಟ್ಟ ಇರಬೇಕು. ಅಲ್ಲಿಗೆ ಬಂದಾಗ ಕಾಗದದ ಹಿಂದೆ ಗಟ್ಟಿ ಮರದ ತುಂಡು ಕೊಟ್ಟು, ಉಸಿರು ಹಿಡಿದು ಉಜ್ಜಬೇಕು. ಬರೀ ಬೆರಳಲ್ಲಿ ಉಜ್ಜಿದರೆ ಅಂಚು ದುಂಡಗಾಗಿ ಹೋಯಿತು ಅಂತಲೇ ಲೆಕ್ಕ. ಆ ಅಂಚನ್ನ ನಾನು ಮಗುವಿನ ಉಗುರು ಕತ್ತರಿಸಿದ ಹಾಗೆ ಕಾದುಕೊಂಡು ಬಂದಿದ್ದೆ. ನೀರು ಸವರಿ, ಕೊನೆಯ ಉಜ್ಜು ಬಾಕಿ ಇಟ್ಟು ಅಂಗಡಿಗೆ ಹೋದೆ.

ಸಂಜೆ ಬಂದು ನೋಡಿದರೆ ಬೆಂಚಿನ ಮುಂದೆ ಪುಟ್ಟಿ! ಕೈಯಲ್ಲಿ ನನ್ನ ಉಪ್ಪುಕಾಗದ! ಸೀರೆಯ ಮೇಲೆಲ್ಲ ಪುಡಿ, ಮುಖದ ಮೇಲೂ ಪುಡಿ.

ಬ್ಯಾಗು ಎಸೆದು ಹೋಗಿ ಅಂಚಿಗೆ ಬೆರಳಿಟ್ಟೆ. ಎಡಗಡೆ ದುಂಡಗಾಗಿ ಹೋಗಿತ್ತು.

"ನಿನ್ನ ಕೈ ಸೇದಿ ಹೋಗ! ಯಾರೇ ನಿಂಗೆ ಇದನ್ನ ಮುಟ್ಟು ಅಂದಿದ್ದು? ಹೊಳಪು ಸಾಲಲಿಲ್ವಾ? ಹೆಸರು ಸಾಲಲಿಲ್ವಾ? ನನ್ನ ಪುಡೀಲೂ ಪಾಲು ಬೇಕಾ ನಿಂಗೆ?"

ಗಲಾಟೆ ಕೇಳಿ ಅಪ್ಪ ಗೋಡೆ ಹಿಡಿದುಕೊಂಡು ಬಂದ. ಮರದ ಅಂಚಿಗೆ ಹೆಬ್ಬೆರಳು ಆಡಿಸಿದ. ಕಣ್ಣು ಕಾಣದಿದ್ದರೂ ಆ ಹೆಬ್ಬೆರಳಿಗೆ ಎಲ್ಲ ಗೊತ್ತು.

"ಇದು ದೊಡ್ಡವಳ ಕೈಯಲ್ಲ" ಅಂದ.

ಪುಟ್ಟಿ ಗೊಳೋ ಅಂತ ಅತ್ತಳು. "ಒಂದ್ ದಿನಾನಾದ್ರೂ ನಂಗೆ ಕಾಗದ ಕೊಟ್ಟಿದ್ದೀಯೇನಪ್ಪಾ? ಎಲ್ಲಾ ಅವಳಿಗೇ. ಬರೀ ಎಣ್ಣೆ ನಂಗೆ. ಆ ಎಣ್ಣೆ ಯಾವ ದೊಡ್ಡ ಕೆಲಸ? ಹೆಚ್ಚಾದ್ರೆ ಒರೆಸು, ಕಮ್ಮಿಯಾದ್ರೆ ಹಚ್ಚು. ನಾನು ಕೆಡಿಸ್ತೀನಿ ಅಂತ ತಾನೇ, ಕೆಡಿಸೋಕಾಗದೇ ಇರೋ ಕೆಲಸ ನೋಡಿ ಕೊಟ್ಟಿದ್ದು ನೀನು? ಜನ ಹೊಗಳಿದಾಗೆಲ್ಲ ನಂಗೆ ಮೈ ಉರಿಯುತ್ತೆ. ನನ್ನೇನೂ ಹೊಗಳ್ತಾ ಇಲ್ಲ ಅವರು, ಅಕ್ಕ ಉಜ್ಜಿದ್ದನ್ನ ಹೊಗಳ್ತಿದ್ದಾರೆ!"

ಇವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು? ಈ ಪುಡಿಮೂಗಿಯ ಮೇಲೆ?

ಅಪ್ಪ ಇಲ್ಲ ಅನ್ನಲಿಲ್ಲ. "ಎಣ್ಣೆ ತಪ್ಪಿದ್ರೆ ಒರೆಸ್ಬಹುದು. ಮರ ಉಜ್ಜಿ ಹೋದ್ರೆ ಹೋಯ್ತು, ಯಾರೂ ತಂದುಕೊಡಲ್ಲ. ಅದಕ್ಕೇ ಅದು ದೊಡ್ಡವಳಿಗೆ" ಅಂದ. ಇದನ್ನ ಬಾಯಿ ಬಿಟ್ಟು ಹೇಳೋಕೆ ಇಷ್ಟು ವರ್ಷ ಬೇಕಾಯಿತಾ ಈ ಮನುಷ್ಯನಿಗೆ? ಖುಷಿ ಪಡಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಒದ್ದೆ ಬಟ್ಟೆ, ಇಸ್ತ್ರಿಪೆಟ್ಟಿಗೆ ಇಟ್ಟು ಅಂಚನ್ನ ಎಬ್ಬಿಸಲು ನೋಡಿದೆ. ಸ್ವಲ್ಪ ಎದ್ದಿತು, ಪೂರ್ತಿ ಏಳಲಿಲ್ಲ. ಪುಟ್ಟಿ ದಿನಾ ಬಂದು ಎಣ್ಣೆ ತಿಕ್ಕಿ ಹೋದಳು.

ಕಾರ್ಯದರ್ಶಿ ಕಬ್ಬಿಣದ ಭಾಗಗಳನ್ನ ಪೆಟ್ಟಿಗೆಯಲ್ಲಿ ತಂದು ಬೆಂಚಿನ ಮೇಲೇ ಜೋಡಿಸಿ ನೋಡಿದರು. ಮೊದಲು "ಆಹಾ, ಏನು ಹೊಳಪು!" ಅಂದರು. ನಿರೀಕ್ಷೆ ಮಾಡಿದ್ದೇ ಬಿಡಿ. ಆಮೇಲೆ ಅವರ ಉಗುರು ಎಡ ಅಂಚಿನಲ್ಲಿ ಸಿಕ್ಕಿಕೊಂಡಿತು.

"ಇದೇನಿದು? ಇಲ್ಲಿ ಉಜ್ಜಿದ್ದು ಯಾರು?"

ಇಡೀ ಜೀವಮಾನ ನಾನು ಕಾದಿದ್ದ ಪ್ರಶ್ನೆ. ಬೆರಳು ತೋರಿಸಿದ್ದರೆ ಸಾಕಾಗಿತ್ತು. ಆದರೆ ಬಾಯಿಗೆ ಬಂದದ್ದೇ ಬೇರೆ.

"ನಾನು" ಅಂದೆ. "ಉಜ್ಜಿದ್ದೆಲ್ಲ ನಾನೇ."

ತಂಗಿಯನ್ನ ಕಾಪಾಡಿದೆ ಅಂತ ಈಗ ಬೀದಿಯವರೆಲ್ಲ ಹೊಗಳ್ತಾರೆ. ಎಂಥದೂ ಇಲ್ಲ! ಈ ಮನೆಯಲ್ಲಿ ನನಗೆ ಅಂತ ಇದ್ದದ್ದು ಆ ಕಾಗದದ ಕೆಲಸ ಒಂದೇ. ಅದರ ತಪ್ಪನ್ನೂ ಅವಳಿಗೆ ಬಿಟ್ಟುಕೊಡೋ ಮನಸ್ಸು ನನಗಿರಲಿಲ್ಲ.

"ಸುಳ್ಳು ಸಾರ್, ಅದು ನಾನು ಮಾಡಿದ್ದು!" ಪುಟ್ಟಿ ಮುಂದೆ ಬಂದಳು.

"ಸುಮ್ನಿರೇ, ನಂದು."

"ನಂದು ಅಂದ್ರೆ ನಂದು!"

ಕಾರ್ಯದರ್ಶಿ ಅವಳ ಮುಖ, ನನ್ನ ಮುಖ ನೋಡಿ ಸುಸ್ತಾದರು. "ತಪ್ಪು ನಂದಲ್ಲ ಅಂತ ಜಗಳ ಆಡೋರನ್ನ ನೋಡಿದ್ದೆ, ಇದ್ಯಾವ ಸೀಮೆ ಜಗಳ! ಮೇಷ್ಟ್ರೇ, ಹೆಸರು ಹೇಳಿ ಅತ್ಲಾಗೆ."

"ದೊಡ್ಡವಳದು" ಅಂದ ಅಪ್ಪ.

ನನ್ನ ಕಿವಿ ತಂಪಾಯಿತು. ಎಷ್ಟು ಹೊತ್ತು? ಅವರು ಅತ್ತ ಹೋಗುತ್ತಲೇ ಅಪ್ಪ ತಡಕಾಡಿಕೊಂಡು ಹೋಗಿ ಪುಟ್ಟಿಯ ತಲೆ ಸವರಿದ. "ತಪ್ಪು ಒಪ್ಕೊಂಡ್ಯಲ್ಲಮ್ಮಾ, ಜಾಣೆ" ಅಂದ. ನೋಡಿದಿರಾ? ಹೆಸರು ನನ್ನದು, ತಲೆ ಸವರಿದ್ದು ಅವಳದು. ಸಾಲದ್ದಕ್ಕೆ ನನ್ನ ಕಡೆ ತಿರುಗಿ, "ಒಂದು ಕಾಗದ ಕೊಡು. ಅವಳೂ ಕಲೀಲಿ" ಅಂದ.

ಕೈಗೆ ಬಂದು ಗಳಿಗೆ ಆಗಿಲ್ಲ, ಆಗಲೇ ಪಾಲು! ಡಬ್ಬಿಯಲ್ಲಿ ಹೊಸ ಹಾಳೆಗಳಿದ್ದವು. ನಾನು ಅವನ್ನ ಮುಟ್ಟಲಿಲ್ಲ. ತಳದಲ್ಲಿ ಹುಡುಕಿ, ಸವೆದು ಬೋಳಾದ ಒಂದು ತುಂಡು ತೆಗೆದು, ತಗೋ ಅಂತ ಅವಳ ಆ ಸುಪ್ರಸಿದ್ಧ ಅಂಗೈಗೆ ಹಾಕಿದೆ.

ಅಪ್ಪ ಕೈ ಚಾಚಿ ಆ ತುಂಡನ್ನ ಮುಟ್ಟಿ ನೋಡಿದ. ಸಿಕ್ಕಿಬಿದ್ದೆ ಅಂದುಕೊಂಡೆ.

"ಸರಿಯಾದ್ದನ್ನೇ ಕೊಟ್ಟೆ ಕಣೇ" ಅಂದ. "ಕಲಿಯೋರಿಗೆ ಸವೆದದ್ದೇ ಕೊಡ್ಬೇಕು. ಹೊಸದು ಮರ ತಿಂದುಬಿಡುತ್ತೆ. ನಿಂಗೂ ಮೊದಲ ದಿನ ಅದನ್ನೇ ಕೊಟ್ಟಿದ್ದು, ನೆನಪಿದ್ಯಾ?"

ನೆನಪಿಲ್ಲದೆ ಏನು? ಹಳೇ ಹರಕು ಕೊಟ್ಟ ಅಂತ ಆವತ್ತಿನಿಂದ ಇವತ್ತಿನವರೆಗೆ ಹಲ್ಲು ಕಚ್ಚಿಕೊಂಡೇ ಇದ್ದೆ. ಈಗ ಪುಟ್ಟಿ ಅದೇ ಥರ ಹಲ್ಲು ಕಚ್ಚಿ, ಕೈಯಲ್ಲಿದ್ದ ತುಂಡನ್ನೂ ನನ್ನ ಡಬ್ಬಿಯನ್ನೂ ನೋಡುತ್ತಿದ್ದಳು. ನಾನು ಡಬ್ಬಿಯ ಮುಚ್ಚಳ ಹಾಕಿ, ಒಂದು ರದ್ದಿ ಮರ ತೆಗೆದು ಅವಳ ಮುಂದಿಟ್ಟೆ.

"ಬೆರಳಲ್ಲಲ್ಲ," ಅಂದೆ, "ಕಾಗದದ ಹಿಂದೆ ಮರದ ತುಂಡು ಕೊಟ್ಟು ಉಜ್ಜು."